ಬಂದ ನೀರಿಗೆ ಹೋಗಲು ದಾರಿ: ನಾಗರಭಾವಿಯ ಒಂದು ಯುಪಿವಿಸಿ ಕಿಟಕಿಯ ಪ್ರಕರಣ

2024ರ ಜೂನ್ 2, ಭಾನುವಾರ. ಅವತ್ತು ಬೆಂಗಳೂರಿನಲ್ಲಿ 111.1 ಮಿಲಿಮೀಟರ್ ಮಳೆ ಸುರಿಯಿತು. ಜೂನ್ ತಿಂಗಳಿನಲ್ಲಿ ಒಂದೇ ದಿನ ಅಷ್ಟು ಮಳೆ 133 ವರ್ಷಗಳಲ್ಲಿ ಬಂದಿರಲಿಲ್ಲ. ಗಾಳಿಗೆ ಊರ ತುಂಬ ಮರಗಳು ಬಿದ್ದವು. ರಾತ್ರಿ ನಾಗರಭಾವಿಯಿಂದ ಚಿಕ್ಕಮ್ಮ ಫೋನ್ ಮಾಡಿದರು.

"ಹಾಲ್ ಕಿಟಕಿಯಿಂದ ನೀರು ಒಳಗೆ ಬರ್ತಾ ಇದೆ ಕಣೋ. ಟವೆಲ್ ಇಟ್ಟೆ, ಬೆಡ್‌ಶೀಟ್ ಇಟ್ಟೆ, ನಿಲ್ತಾನೇ ಇಲ್ಲ. ದಿವಾನ್ ಪೂರ್ತಿ ಒದ್ದೆ. ಸ್ವಿಚ್ ಬೋರ್ಡ್ ಹತ್ತಿರ ಗೋಡೆಯಲ್ಲೂ ಇಳೀತಾ ಇದೆ."

ಮೊದಲು ಮೇನ್ ಸ್ವಿಚ್ ಆಫ್ ಮಾಡಿ ಚಿಕ್ಕಮ್ಮ, ಕಿಟಕಿ ಆಮೇಲೆ ನೋಡೋಣ ಎಂದೆ. ಆ ರಾತ್ರಿ ಅವರು, ಚಿಕ್ಕಪ್ಪ ಇಬ್ಬರೂ ಕತ್ತಲಲ್ಲಿ ಕೂತು ಬಟ್ಟೆ ಹಿಂಡಿದ್ದಾರೆ. ಇಬ್ಬರಿಗೂ ಅರವತ್ತೈದು ದಾಟಿದೆ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಕಿಟಕಿ ಬಾಗಿಲು ಕೂರಿಸುವುದೇ ನನ್ನ ಕೆಲಸ. ಅವರ ಮನೆಗೆ ಕಿಟಕಿ ಹಾಕಿಸುವಾಗ ನಾನು ಹುಬ್ಬಳ್ಳಿಯಲ್ಲಿದ್ದೆ, ಒಂದು ದಿನವೂ ಬಂದು ನೋಡಲಾಗಿರಲಿಲ್ಲ.

ಈ ಒಂದು ಕಿಟಕಿಯ ಕಥೆಯನ್ನು ಪೂರ್ತಿ ಬರೆಯುತ್ತಿದ್ದೇನೆ. ಇದೇ ತೊಂದರೆ ಬೇರೆ ಮನೆಗಳಲ್ಲೂ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ, ಮತ್ತೆ ಮತ್ತೆ ಅದೇ ತಪ್ಪು ಚಿಕಿತ್ಸೆ ನಡೆಯುತ್ತದೆ.

ಮನೆ ಮತ್ತು ಕಿಟಕಿ

ಮನೆ ಕಟ್ಟಿದ್ದು 1996ರಲ್ಲಿ. ಕೆಳಗೆ ಬಾಡಿಗೆಗೆ ಕೊಟ್ಟಿದ್ದಾರೆ, ಮೇಲಿನ ಮಹಡಿಯಲ್ಲಿ ಇವರು. ಹಾಲ್ ಕಿಟಕಿ ಪಶ್ಚಿಮಕ್ಕೆ. ಎದುರಿನ ಸೈಟು ಖಾಲಿ, ಹಾಗಾಗಿ ಮುಂಗಾರಿನ ಗಾಳಿಗೆ ಅಡ್ಡವೇ ಇಲ್ಲ. ಮೊದಲು ಎಲ್ಲ ಕಿಟಕಿಗಳೂ ಹೊನ್ನೆ ಮರದವು. ಮಳೆಗಾಲದಲ್ಲಿ ಉಬ್ಬುತ್ತಿದ್ದವು, ಬೇಸಿಗೆಯಲ್ಲಿ ಸಡಿಲವಾಗುತ್ತಿದ್ದವು. ಅದನ್ನೆಲ್ಲ ಸಹಿಸಿಕೊಂಡಿದ್ದರು. ಆದರೆ ಮೂರು ಚೌಕಟ್ಟುಗಳಿಗೆ ಗೆದ್ದಲು ಹತ್ತಿ ಬೆರಳು ಒತ್ತಿದರೆ ಪುಡಿಯಾಗುವ ಸ್ಥಿತಿಗೆ ಬಂದಾಗ, 2022ರ ಆಗಸ್ಟ್‌ನಲ್ಲಿ ಎಲ್ಲವನ್ನೂ ತೆಗೆಸಿ ಯುಪಿವಿಸಿ ಹಾಕಿಸಿದರು. ಏಳು ಕಿಟಕಿ, ಒಂದು ಬಾಲ್ಕನಿ ಬಾಗಿಲು, ಎರಡು ಬಾತ್‌ರೂಮ್ ಬಾಗಿಲು.

ಆ ನಿರ್ಧಾರ ಸರಿಯಾಗಿಯೇ ಇತ್ತು. ಯುಪಿವಿಸಿ ಅಂದರೆ ಮೆತ್ತಗಾಗಿಸುವ ರಾಸಾಯನಿಕ ಸೇರಿಸದ ಗಟ್ಟಿ ಪಿವಿಸಿ. ಬಿಸಿಲು ತಡೆಯಲು ಅದರಲ್ಲಿ ಟೈಟಾನಿಯಂ ಡೈಆಕ್ಸೈಡ್ ಬೆರೆಸಿರುತ್ತಾರೆ. ಒಳಗೆ ಟೊಳ್ಳು ಕೋಣೆಗಳಿರುತ್ತವೆ. ಬಾಗದಿರಲಿ ಎಂದು ಒಂದು ಕೋಣೆಯೊಳಗೆ ಸತು ಲೇಪಿಸಿದ ಉಕ್ಕಿನ ಪಟ್ಟಿ ಇಡುತ್ತಾರೆ. ಮೂಲೆಗಳಿಗೆ ಸ್ಕ್ರೂ ಇಲ್ಲ, ಬಿಸಿ ಮಾಡಿ ಕರಗಿಸಿ ಬೆಸೆಯುತ್ತಾರೆ. ಗೆದ್ದಲು ತಿನ್ನುವುದಿಲ್ಲ, ನೀರಿಗೆ ಉಬ್ಬುವುದಿಲ್ಲ, ಪೇಂಟ್ ಬೇಕಿಲ್ಲ. ವಯಸ್ಸಾದವರ ಮನೆಗೆ ಇದಕ್ಕಿಂತ ಏನು ಬೇಕು?

ಹಾಲ್‌ಗೆ ಹಾಕಿದ್ದು ಆರಡಿ ಅಗಲ, ನಾಲ್ಕಡಿ ಎತ್ತರದ ಸ್ಲೈಡಿಂಗ್ ಕಿಟಕಿ. ಮೂರು ಟ್ರ್ಯಾಕ್: ಎರಡರಲ್ಲಿ ಗಾಜು, ಒಂದರಲ್ಲಿ ಸೊಳ್ಳೆ ಮೆಶ್. ಸಾಮಾನು ಕಳಪೆಯಿರಬಹುದೇ ಎಂದು ಆಮೇಲೆ ನಾನೇ ಅಳೆದು ನೋಡಿದೆ. ಯುರೋಪಿನ ಇಎನ್ 12608 ಮಾನದಂಡದ ಪ್ರಕಾರ ಫ್ರೇಮಿನ ಹೊರಗೆ ಕಾಣುವ ಪ್ಲಾಸ್ಟಿಕ್ ಮೈ 2.8 ಮಿ.ಮೀ. ದಪ್ಪವಿದ್ದರೆ ಎ ದರ್ಜೆ, 2.5 ಇದ್ದರೆ ಬಿ ದರ್ಜೆ. ಇಲ್ಲಿ 2.5 ಬಂತು. ಗಾಜು 5 ಮಿ.ಮೀ. ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ್ದು), ಮೂಲೆಯಲ್ಲಿ ಗುರುತೂ ಇತ್ತು. ಸಾಮಾನಿನಲ್ಲಿ ದೋಷವಿರಲಿಲ್ಲ.

ಅದಕ್ಕೂ ಮೊದಲು ನಡೆದದ್ದು

ಜೂನ್ 2ರದ್ದು ಮೊದಲ ಸಲದ ಸೋರಿಕೆ ಅಲ್ಲ. ಹಿಂದಿನ ವರ್ಷ ಜುಲೈನಲ್ಲೇ ಕಿಟಕಿಯ ಕೆಳಗೆ ಅಂಗೈಯಗಲದ ತೇವ ಕಾಣಿಸಿತ್ತು. ಪೇಂಟರ್ ಬಂದು ನೋಡಿ, ಹೊರಗೋಡೆ ಬಿರುಕು ಬಿಟ್ಟಿದೆ ಎಂದು ವಾಟರ್‌ಪ್ರೂಫ್ ಕೋಟಿಂಗ್ ಹೊಡೆದರು. ಅದಕ್ಕೆ 18 ಸಾವಿರ ರೂಪಾಯಿ. ತೇವ ಹೋಗಲಿಲ್ಲ. 2024ರ ಮೇ ತಿಂಗಳಲ್ಲಿ ಎರಡು ಗುಡುಗು ಮಳೆಗೆ ಮತ್ತೆ ನೀರು ಬಂತು. ಈ ಸಲ ಪಕ್ಕದ ಬೀದಿಯ ಒಬ್ಬ ಹುಡುಗನನ್ನು ಕರೆಸಿದರು. ಅವನು ಒಳಗೂ ಹೊರಗೂ ಫ್ರೇಮ್ ಸುತ್ತ ಸಿಲಿಕಾನ್ ಎಳೆದ. ಹೊರಬದಿಯಲ್ಲಿ ಫ್ರೇಮಿನ ತಳದಲ್ಲಿ ನಾಲ್ಕು ಸಣ್ಣ ಸೀಳು ತೂತುಗಳು ಕಂಡವು. "ನೋಡಿ ಆಂಟಿ, ಇಲ್ಲಿಂದಾನೇ ನೀರು ನುಗ್ತಾ ಇರೋದು" ಎಂದು ಅವುಗಳಿಗೂ ಸಿಲಿಕಾನ್ ತುಂಬಿ ಮುಚ್ಚಿಬಿಟ್ಟ.

ಅವನ ಮೇಲೆ ನನಗೆ ಸಿಟ್ಟಿಲ್ಲ. ತೂತು ಕಂಡರೆ ಮುಚ್ಚಬೇಕು ಅನ್ನಿಸುವುದು ಸಹಜ, ಅಲ್ವಾ? ಮರದ ಕಿಟಕಿ ನೋಡಿ ಬೆಳೆದ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಆದರೆ ಮೂರು ವಾರದ ನಂತರ ದಿವಾನ್ ತೊಯ್ದಿದ್ದು ಮುಖ್ಯವಾಗಿ ಆ ಸಿಲಿಕಾನಿನಿಂದಲೇ.

ಒಂದು ಮಗ್ ನೀರು

ಮರುದಿನ ಬೆಳಿಗ್ಗೆ ಹೋದೆ. ಮೊದಲು ಮಾಡಿದ್ದು ಇಷ್ಟೇ: ಕಿಟಕಿ ತೆರೆದು, ಹೊರಗಿನ ಟ್ರ್ಯಾಕ್‌ಗೆ ನಿಧಾನವಾಗಿ ಒಂದು ಮಗ್ ನೀರು ಹೊಯ್ದೆ. ಸರಿಯಾಗಿರುವ ಕಿಟಕಿಯಲ್ಲಿ ಆ ನೀರು ಒಂದೆರಡು ನಿಮಿಷದಲ್ಲಿ ಹೊರಗೆ ಗೋಡೆಯ ಕಡೆ ಬಿದ್ದುಹೋಗಬೇಕು. ಇಲ್ಲಿ ಕೆರೆಯ ಹಾಗೆ ನಿಂತಿತು. ಹತ್ತು ನಿಮಿಷವಾದರೂ ಹೊರಗೆ ಒಂದು ಹನಿ ಇಲ್ಲ. ಆದರೂ ನೀರಿನ ಮಟ್ಟ ಮಾತ್ರ ಮೆಲ್ಲಗೆ ಇಳಿಯುತ್ತಿತ್ತು. ಹೊರಗೂ ಬರುತ್ತಿಲ್ಲ, ಒಳಗೂ ಬರುತ್ತಿಲ್ಲ. ಹಾಗಾದರೆ ಎಲ್ಲಿಗೆ ಹೋಗುತ್ತಿದೆ?

ಉತ್ತರದ ಸುಳಿವು ಗೋಡೆಯಲ್ಲೇ ಇತ್ತು. ಹೊರಗೆ, ಮುಚ್ಚಿದ ಒಂದು ಸೀಳಿನ ಅಂಚಿನಿಂದ ತೆಳುವಾದ ಕಂದು ಗೆರೆ ಇಳಿದಿತ್ತು. ತುಕ್ಕಿನ ಬಣ್ಣ. ಪ್ಲಾಸ್ಟಿಕ್‌ಗೆ ತುಕ್ಕು ಹಿಡಿಯುವುದಿಲ್ಲ. ಅಂದರೆ ಒಳಗಿನ ಉಕ್ಕಿನ ಪಟ್ಟಿಯೋ ಸ್ಕ್ರೂಗಳೋ ನೀರಿನಲ್ಲಿ ನೆನೆಯುತ್ತಿವೆ. ಬಟ್ಟೆಗೆ ಹಾಕುವ ನೀಲಿಯನ್ನು ಎರಡು ಮಗ್ ನೀರಿಗೆ ಕಲಸಿ ಟ್ರ್ಯಾಕ್‌ಗೆ ಹೊಯ್ದೆ. ಅದೂ ಇಳಿಯಿತು. ಎಲ್ಲಿಗೆ ಹೋಯಿತು ಎಂದು ಫ್ರೇಮ್ ಬಿಚ್ಚಿದ ದಿನ ತಿಳಿಯಿತು.

ಸ್ಲೈಡಿಂಗ್ ಕಿಟಕಿ ಕೆಲಸ ಮಾಡುವ ಬಗೆ ಸ್ವಲ್ಪ ಹೇಳಬೇಕು. ಇದು ನೀರನ್ನು ಪೂರ್ತಿ ತಡೆಯುವ ಕಿಟಕಿ ಅಲ್ಲವೇ ಅಲ್ಲ. ಗಾಜಿನ ಶಟರ್ ಸರಿದಾಡಬೇಕಾದ್ದರಿಂದ ಅಂಚಿನಲ್ಲಿ ರಬ್ಬರಿನ ಬದಲು ಬ್ರಷ್ಷಿನಂಥ ಕೂದಲಿನ ಪಟ್ಟಿ ಇರುತ್ತದೆ. ಗಾಳಿ ಮಳೆಗೆ ಅದರ ಮೂಲಕ ನೀರು ಬಂದೇ ಬರುತ್ತದೆ. ಬಂದ ನೀರು ಕೆಳಗಿನ ಟ್ರ್ಯಾಕ್‌ನಲ್ಲಿ ಸೇರುತ್ತದೆ. ಟ್ರ್ಯಾಕ್‌ನ ತೂತಿನಿಂದ ಫ್ರೇಮಿನ ಟೊಳ್ಳಿಗೆ ಇಳಿದು, ಹೊರಗಿನ ಸೀಳಿನಿಂದ ಆಚೆ ಹೋಗುತ್ತದೆ. ಒಳ ತೂತು ಮತ್ತು ಹೊರ ಸೀಳು ಎದುರುಬದುರು ಇರುವುದಿಲ್ಲ. ಎದುರುಬದುರಾಗಿದ್ದರೆ ಗಾಳಿ ನೇರ ಊದಿ ನೀರನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಅದಕ್ಕೇ ಬೇಕೆಂದೇ ಸರಿಸಿ ಕೊರೆದಿರುತ್ತಾರೆ. ಸೀಳಿಗೆ ಪುಟ್ಟ ಪ್ಲಾಸ್ಟಿಕ್ ಮುಚ್ಚಳ ಹಾಕುವುದೂ ಗಾಳಿ ನೇರವಾಗಿ ಒಳಗೆ ಊದದಿರಲಿ ಎಂದೇ. ಎಷ್ಟು ಯೋಚಿಸಿ ಮಾಡಿದ ವ್ಯವಸ್ಥೆ ನೋಡಿ. ನಾನು ಈ ಕೆಲಸ ಕಲಿಯುವಾಗ ಇದನ್ನು ತಿಳಿದು ನಿಜಕ್ಕೂ ಖುಷಿಪಟ್ಟಿದ್ದೆ.

ಗಾಳಿಯ ಲೆಕ್ಕವೂ ಇದೆ. ಗಂಟೆಗೆ 45ರಿಂದ 50 ಕಿಲೋಮೀಟರ್ ವೇಗದ ಗಾಳಿ ನೇರವಾಗಿ ಕಿಟಕಿಗೆ ಬಡಿದರೆ, ಅದರ ಒತ್ತಡ ಸುಮಾರು ಒಂದು ಸೆಂಟಿಮೀಟರ್ ಎತ್ತರದ ನೀರನ್ನು ಟ್ರ್ಯಾಕ್‌ನಲ್ಲಿ ಹಿಡಿದು ನಿಲ್ಲಿಸುತ್ತದೆ. ಅಂದರೆ ತೂತುಗಳು ತೆರೆದಿದ್ದರೂ ಬಿರುಗಾಳಿ ಬೀಸುವಷ್ಟು ಹೊತ್ತು ನೀರು ಒಂದಿಷ್ಟು ನಿಂತಿರುತ್ತದೆ. ಗಾಳಿ ತಗ್ಗಿದ ಕೂಡಲೇ ಹರಿದುಹೋಗುತ್ತದೆ. ಮನೆಯವರು ಟ್ರ್ಯಾಕ್‌ನಲ್ಲಿ ನೀರು ನೋಡಿ ಗಾಬರಿಯಾಗುವುದು ಈ ಹೊತ್ತಿನಲ್ಲೇ. ಟ್ರ್ಯಾಕ್‌ನ ಒಳ ಅಂಚು ಎತ್ತರ ಇರುವುದು ಇದೇ ಕಾರಣಕ್ಕೆ. ತೂತು ಮುಚ್ಚಿದರೆ ಗಾಳಿ ತಗ್ಗಿದರೂ ನೀರು ತಗ್ಗುವುದಿಲ್ಲ. ಮೇಲಿಂದ ಮೇಲೆ ತುಂಬಿ ಒಳ ಅಂಚು ದಾಟುತ್ತದೆ. ಜೂನ್ 2ರಂದು ಆಗಿದ್ದು ಇದು.

ಆದರೆ ತೂತು ಮುಚ್ಚುವುದಕ್ಕೆ ಹತ್ತು ತಿಂಗಳು ಮೊದಲೇ ತೇವ ಬಂದಿತ್ತಲ್ಲ? ಅದಕ್ಕೆ ಬೇರೆ ಕಾರಣ ಇರಲೇಬೇಕು. ರಸಮಟ್ಟ ಇಟ್ಟು ನೋಡಿದೆ. ಫ್ರೇಮಿನ ಒಳಬದಿ ಹೊರಬದಿಗಿಂತ 3 ಮಿ.ಮೀ. ತಗ್ಗಾಗಿತ್ತು. ಕೆಳಗಿನ ಗ್ರಾನೈಟ್ ಕಲ್ಲೂ ಒಳಕ್ಕೇ ವಾಲಿತ್ತು. ನೀರಿಗೆ ಹೊರಗೆ ಹೋಗು ಎಂದು ದಾರಿ ಕೊಟ್ಟು, ನೆಲವನ್ನು ಮಾತ್ರ ಒಳಕ್ಕೆ ತಗ್ಗಿಸಿದಂತಾಗಿತ್ತು.

ಆಮೇಲೆ ಪೈಪು ಹಿಡಿದು ಹೊರಗಿನಿಂದ ನೀರು ಬಿಟ್ಟೆವು. ಇದನ್ನು ಯಾವಾಗಲೂ ಕೆಳಗಿನಿಂದ ಶುರು ಮಾಡಬೇಕು. ಮೊದಲು ಕಲ್ಲಿನ ಮಟ್ಟಕ್ಕೆ ಹತ್ತು ನಿಮಿಷ, ಆಮೇಲೆ ಫ್ರೇಮಿನ ಬದಿಗೆ, ಕೊನೆಗೆ ಮೇಲೆ ಸಜ್ಜಕ್ಕೆ. ಮೇಲಿನಿಂದ ಸುರಿದರೆ ಎಲ್ಲ ಒಟ್ಟಿಗೆ ಒದ್ದೆಯಾಗಿ ಎಲ್ಲಿಂದ ಬಂತು ಎಂದು ತಿಳಿಯುವುದೇ ಇಲ್ಲ. ಸಜ್ಜಕ್ಕೆ ಬಿಟ್ಟಾಗ ಇನ್ನೊಂದು ವಿಷಯ ಗೊತ್ತಾಯಿತು. ಸಜ್ಜದ ಅಡಿಯಲ್ಲಿ ಅಂಚಿನ ಹತ್ತಿರ ಕಾಲುವೆಯಂಥ ಒಂದು ಸಣ್ಣ ತೋಡು ಇರುತ್ತದೆ. ನೀರು ಅಲ್ಲಿಗೆ ಬಂದು ತೊಟ್ಟಿಕ್ಕುತ್ತದೆ, ಗೋಡೆಗೆ ಬರುವುದಿಲ್ಲ. ಪೇಂಟ್ ಮಾಡುವಾಗ ಪುಟ್ಟಿ ತುಂಬಿ ಅದನ್ನು ನುಣ್ಣಗೆ ಮಾಡಿದ್ದರು. ನೀರು ಸಜ್ಜದ ಅಡಿಯಲ್ಲೇ ಹರಿದು ನೇರ ಕಿಟಕಿಯ ತಲೆಗೆ ಬರುತ್ತಿತ್ತು.

ಬಿಚ್ಚಿದ ದಿನ

ಮುಂದಿನ ಶನಿವಾರ ಇಬ್ಬರು ಕೆಲಸದವರ ಜೊತೆ ಹೋದೆ. ಶಟರ್‌ಗಳನ್ನು ಮೇಲೆತ್ತಿ ತಳ ಈಚೆಗೆ ಎಳೆದು ತೆಗೆದೆವು. ಫ್ರೇಮ್ ಸುತ್ತ ಗಾರೆ ಒತ್ತಿ ತುಂಬಿದ್ದರು. ತೆಳು ಬ್ಲೇಡಿನಿಂದ ಅದನ್ನು ಕೊಯ್ದು, ಸ್ಕ್ರೂ ಬಿಚ್ಚಿ, ಫ್ರೇಮನ್ನು ಹೊರಗೆ ತೆಗೆದೆವು.

ಕೆಳಗಿನ ಕಲ್ಲಿನ ಮೇಲೆ ನಾಲ್ಕು ನೀಲಿ ಮಚ್ಚೆಗಳು. ಪ್ರತಿ ಮಚ್ಚೆಯ ನಡುವೆ ಒಂದು ಸ್ಕ್ರೂ ತೂತು.

ಕಿಟಕಿ ಕೂರಿಸಿದವರು ಟ್ರ್ಯಾಕ್‌ನ ತಳದಲ್ಲೇ ಸ್ಕ್ರೂ ಹೊಡೆದು ಕಲ್ಲಿಗೆ ಬಿಗಿದಿದ್ದರು. ನೀರು ಸೇರುವ ಜಾಗವೇ ಅದು. ಸ್ಕ್ರೂ ತಲೆಯ ಸುತ್ತ ಸಿಲಿಕಾನ್ ಕೂಡ ಇರಲಿಲ್ಲ. ಹಾಗಾಗಿ ಮೊದಲ ಮಳೆಯಿಂದಲೇ ನೀರು ಸ್ಕ್ರೂ ಹಿಡಿದು ಇಳಿದು, ಉಕ್ಕಿನ ಪಟ್ಟಿಯನ್ನು ನೆನೆಸಿ, ಗೋಡೆಯೊಳಗೆ ಹೋಗುತ್ತಿತ್ತು. ಸ್ವಿಚ್ ಬೋರ್ಡಿನ ಪಕ್ಕದ ತೇವಕ್ಕೆ ಕಾರಣ ಇದೇ. ಹೊರಗೋಡೆಗೆ ಎಷ್ಟು ಕೋಟಿಂಗ್ ಹೊಡೆದರೂ ಇದು ನಿಲ್ಲುತ್ತಿರಲಿಲ್ಲ. ಕೋಟಿಂಗಿನ ಹಿಂದಿನಿಂದ ಬರುವ ನೀರಿಗೆ ಕೋಟಿಂಗ್ ಏನು ಮಾಡೀತು?

ಉಕ್ಕಿನ ಪಟ್ಟಿಗೆ ಮೇಲ್ಮೈ ತುಕ್ಕು ಮಾತ್ರ ಹಿಡಿದಿತ್ತು. ಮೂಲೆಗಳನ್ನು ಬೆಸೆದಿರುವುದರಿಂದ ಪಟ್ಟಿಯನ್ನು ಈಚೆ ತೆಗೆದು ಬದಲಾಯಿಸಲು ಆಗುವುದಿಲ್ಲ. ಇನ್ನೆರಡು ವರ್ಷ ಬಿಟ್ಟಿದ್ದರೆ ಫ್ರೇಮೇ ಹೊಸದು ಬೇಕಾಗುತ್ತಿತ್ತು. ಕಿಟಕಿಯ ಜಾಗಕ್ಕೆ ಟಾರ್ಪಾಲ್ ಕಟ್ಟಿ, ಫ್ರೇಮನ್ನು ಒಂದು ದಿನ ತಾರಸಿಯ ಮೇಲೆ ಒಣಗಿಸಿದೆವು.

ಅಷ್ಟರಲ್ಲಿ ಮೇಸ್ತ್ರಿ ಗ್ರಾನೈಟ್ ಎತ್ತಿ ಹೊರಕ್ಕೆ ಇಳಿಜಾರು ಕೊಟ್ಟು ಮತ್ತೆ ಕೂರಿಸಿದರು. ಕಲ್ಲಿನ ಹೊರ ಅಂಚು ಗೋಡೆಯಿಂದ ಒಂದಿಂಚು ಮುಂದೆ ಬರುವಂತೆ ಮಾಡಿ, ಅಡಿಯಲ್ಲಿ ಅಂಥದೇ ತೋಡು ಹೊಡೆಸಿದೆವು. ಸಜ್ಜದ ತೋಡಿನ ಪುಟ್ಟಿಯನ್ನೂ ಕೆರೆಸಿದೆವು.

ಫ್ರೇಮನ್ನು ಮತ್ತೆ ಕೂರಿಸಿದ ರೀತಿಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಹೊಸದಾಗಿ ಹಾಕಿಸುವವರಿಗೂ ಬೇಕಾಗುತ್ತದೆ. ಸುತ್ತ 8 ಮಿ.ಮೀ. ಸಂದು ಬಿಟ್ಟೆವು. ಮರದ ಚೌಕಟ್ಟಿಗೆ ಸುತ್ತ ಗಾರೆ ತುಂಬಿ ಬಿಗಿ ಮಾಡುವುದು ನಮ್ಮ ಹಳೆಯ ರೂಢಿ. ಪ್ಲಾಸ್ಟಿಕ್‌ಗೆ ಅದು ಆಗುವುದಿಲ್ಲ, ಬಿಸಿಲಿಗೆ ಅದು ಹಿಗ್ಗುತ್ತದೆ. ಒಂದು ಮೀಟರ್ ಉದ್ದಕ್ಕೆ, ಒಂದು ಡಿಗ್ರಿಗೆ ಸುಮಾರು 0.07 ಮಿ.ಮೀ. ಕೇಳಲು ಏನೂ ಅಲ್ಲ. ಆದರೆ 1.8 ಮೀಟರ್ ಫ್ರೇಮು, ಬೆಳಗಿನ ಚಳಿಗೂ ಮಧ್ಯಾಹ್ನದ ಬಿಸಿಲಿಗೂ 25 ಡಿಗ್ರಿ ವ್ಯತ್ಯಾಸ ಎಂದಿಟ್ಟುಕೊಳ್ಳಿ, 3 ಮಿ.ಮೀ. ಆಯಿತು. ಒಳಗಿನ ಉಕ್ಕು ಸ್ವಲ್ಪ ಹಿಡಿದಿಡುತ್ತದೆ, ಪೂರ್ತಿ ಅಲ್ಲ. ಸಂದು ಇಲ್ಲದಿದ್ದರೆ ಗಾರೆ ಬಿರುಕು ಬಿಡುತ್ತದೆ, ಇಲ್ಲವೇ ಫ್ರೇಮ್ ಬಾಗುತ್ತದೆ. ಆ ಬಿರುಕಿನಿಂದ ಮತ್ತೆ ನೀರು.

ಫ್ರೇಮಿನ ಅಡಿಗೆ ಪ್ಲಾಸ್ಟಿಕ್ ಪ್ಯಾಕಿಂಗ್ ಕೊಟ್ಟು ರಸಮಟ್ಟಕ್ಕೆ ತಂದೆವು. ಮೂಲೆಯಿಂದ ಮೂಲೆಗೆ ಎರಡೂ ಕಡೆ ಟೇಪ್ ಹಿಡಿದು ಅಳತೆ ಒಂದೇ ಬರುವವರೆಗೆ ಸರಿಸಿದೆವು. ಸ್ಕ್ರೂಗಳನ್ನು ಬದಿಗಳಲ್ಲಿ ಮತ್ತು ಮೇಲೆ ಮಾತ್ರ, ಮೂಲೆಯಿಂದ 15–20 ಸೆಂ.ಮೀ. ಬಿಟ್ಟು, ನಡುವೆ 60 ಸೆಂ.ಮೀ.ಗಿಂತ ಜಾಸ್ತಿ ಅಂತರವಿಲ್ಲದ ಹಾಗೆ ಉಕ್ಕಿನ ಮೂಲಕವೇ ಹೊಡೆದೆವು. ಕೆಳಗೆ ಟ್ರ್ಯಾಕ್‌ಗೆ ಒಂದೂ ಸ್ಕ್ರೂ ಇಲ್ಲ. ಬದಲಿಗೆ ಫ್ರೇಮಿನ ಹೊರಮೈಗೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪಟ್ಟಿ ಸಿಕ್ಕಿಸಿ ಅದನ್ನು ಗೋಡೆಗೆ ಬಿಗಿದೆವು. ಟ್ರ್ಯಾಕ್‌ನ ಹಳೆಯ ಸ್ಕ್ರೂ ತೂತುಗಳನ್ನು ಮುಚ್ಚಿದೆವು.

ಸಂದಿಗೆ ಫೋಮ್. ಅದನ್ನು ಕೈತುಂಬ ಹೊಡೆಯಬಾರದು. ಉಬ್ಬುವಾಗ ಫ್ರೇಮನ್ನೇ ಒಳಕ್ಕೆ ತಳ್ಳಿಬಿಡುತ್ತದೆ, ಆಮೇಲೆ ಶಟರ್ ಓಡುವುದಿಲ್ಲ. ಫೋಮ್ ಬಿಸಿಲಿಗೆ ಪುಡಿಯಾಗುವುದರಿಂದ ಅದರ ಮೇಲೆ ಹೊರಗಿನಿಂದ ಸಿಲಿಕಾನ್ ಬೇಕೇ ಬೇಕು. ಸಿಲಿಕಾನ್‌ನಲ್ಲೂ ಎರಡು ಬಗೆ. ಹಚ್ಚುವಾಗ ವಿನೆಗರ್ ವಾಸನೆ ಬರುವುದು ಗಾಜಿಗೆ ಸರಿ, ಗಾರೆ ಕಲ್ಲಿಗೆ ಸರಿಯಾಗಿ ಹಿಡಿಯುವುದಿಲ್ಲ, ಕಬ್ಬಿಣಕ್ಕೂ ಒಳ್ಳೆಯದಲ್ಲ. ಅಂಗಡಿಯಲ್ಲಿ ನ್ಯೂಟ್ರಲ್ ಎಂದು ಕೇಳಿ ತರಬೇಕು. ಹಿಂದೆ ಆ ಹುಡುಗ ಹಚ್ಚಿದ್ದು ವಿನೆಗರ್ ಬಗೆಯದ್ದು. ಉಗುರಿನಿಂದ ಎಳೆದರೆ ದಾರದ ಹಾಗೆ ಎದ್ದು ಬಂತು.

ಹೊರಗಿನ ನಾಲ್ಕು ಸೀಳುಗಳನ್ನು ಬಿಡಿಸಿ, ಹೊಸ ಮುಚ್ಚಳ ಹಾಕಿ, ಸಂಜೆ ಮತ್ತೆ ಒಂದು ಮಗ್ ನೀರು ಹೊಯ್ದೆ. ಗೋಡೆಯಾಚೆ ನೀರು ಬೀಳುವ ಸದ್ದು ಕೇಳಿತು. ಚಿಕ್ಕಪ್ಪ ಇನ್ನೊಂದು ಮಗ್ ತಂದು ತಾವೇ ಹೊಯ್ದು ನೋಡಿದರು. ಕಲ್ಲು, ಕೂಲಿ, ಸಾಮಾನು ಸೇರಿ 9,800 ರೂಪಾಯಿ ಆಯಿತು.

ಉಳಿದವು

ಬಾಲ್ಕನಿಯ ಬಾಗಿಲು ಮರದ ಬಣ್ಣದ್ದು, ಅದೂ ಪಶ್ಚಿಮಕ್ಕೆ. ಮಾರ್ಚ್ ಬಂದರೆ ಸಂಜೆ ನಾಲ್ಕರಿಂದ ಆರರವರೆಗೆ ಸರಿಯುತ್ತಿರಲಿಲ್ಲ, ಬೆಳಿಗ್ಗೆ ಸಲೀಸಾಗಿ ಓಡುತ್ತಿತ್ತು. ರೋಲರ್ ಹೋಗಿದೆ ಎಂದು ಚಿಕ್ಕಪ್ಪ ಅಂದುಕೊಂಡಿದ್ದರು. ರೋಲರ್ ಕೆಟ್ಟಿದ್ದರೆ ಬೆಳಿಗ್ಗೆಯೂ ಓಡಬಾರದಲ್ಲ? ಗಾಢ ಬಣ್ಣ ಬಿಳಿಗಿಂತ ತುಂಬ ಜಾಸ್ತಿ ಕಾಯುತ್ತದೆ, ಹಿಗ್ಗುತ್ತದೆ, ಇಲ್ಲಿಯೂ ಸುತ್ತ ಗಾರೆ ಬಿಗಿ. ಗಾರೆ ಕೊಯ್ದು ಸಂದು ಬಿಡಿಸಿದೆವು, ಶಟರಿನ ತಳದಲ್ಲಿರುವ ಸ್ಕ್ರೂ ತಿರುಗಿಸಿ ರೋಲರ್ ಎತ್ತರ ಸರಿ ಮಾಡಿದೆವು. ಪಶ್ಚಿಮದ ಗೋಡೆಯ ಕಿಟಕಿ ಬಾಗಿಲುಗಳಿಗೆ ಬಿಳಿ ಬಣ್ಣವೇ ಮೇಲು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಬಾತ್‌ರೂಮ್ ಬಾಗಿಲಿನ ಕೀಲುಗಳಿಗೆ ತುಕ್ಕು. ಟೈಲ್ಸ್ ಹಾಕಿದ ಮೇಲೆ ಕಲೆ ಹೋಗಲಿ ಎಂದು ಆಸಿಡ್ ಹಾಕಿ ತೊಳೆದಿದ್ದರು. ಅದರ ಹೊಗೆಯೇ ಸಾಕು ಕೀಲು, ಚಿಲಕ ತಿನ್ನಲು. ಕೀಲು ಬದಲಾಯಿಸಿದೆವು. ಅಡುಗೆಮನೆ ಕಿಟಕಿಗೆ ಅಂಟಿಸಿ ಬಂದಿದ್ದ ರಕ್ಷಣೆಯ ಪ್ಲಾಸ್ಟಿಕ್ ಹಾಳೆ ಹಾಗೇ ಇತ್ತು. ಹೊಸತರ ಹಾಗೆ ಇರಲಿ ಎಂದು ಚಿಕ್ಕಮ್ಮ ಬಿಟ್ಟಿದ್ದರು. ಬಿಸಿಲಿಗೆ ಅದು ಕಚ್ಚಿಕೊಂಡು ಹೋಗಿತ್ತು. ಕೂದಲು ಒಣಗಿಸುವ ಡ್ರೈಯರಿನಿಂದ ಮೆಲ್ಲಗೆ ಬಿಸಿ ಮಾಡುತ್ತ ಮೂರು ಗಂಟೆ ಎಳೆದೆವು. ಕಿಟಕಿ ಕೂರಿಸಿ ಗಾರೆ, ಪೇಂಟ್ ಮುಗಿದ ಕೂಡಲೇ ಆ ಹಾಳೆ ತೆಗೆದುಬಿಡಿ. ಕಬ್ಬಿಣದ ಗ್ರಿಲ್ ವೆಲ್ಡಿಂಗ್ ಇದ್ದರೆ ಅದು ಕಿಟಕಿಗಿಂತ ಮೊದಲೇ ಮುಗಿಯಲಿ. ಕಿಡಿ ಹಾರಿದರೆ ಗಾಜಿನಲ್ಲಿ ಕುಳಿ ಬೀಳುತ್ತದೆ, ಪ್ಲಾಸ್ಟಿಕ್ ಸುಡುತ್ತದೆ. ಅದಕ್ಕೆ ರಿಪೇರಿ ಇಲ್ಲ.

ಚಿಕ್ಕಮ್ಮನಿಗೆ ನಾನು ಹೇಳಿಕೊಟ್ಟ ಆರೈಕೆ ಜಾಸ್ತಿ ಏನಿಲ್ಲ. ಮೂರು ತಿಂಗಳಿಗೊಮ್ಮೆ ಸೋಪಿನ ನೀರು, ಮೆತ್ತನೆ ಬಟ್ಟೆ. ತಿನ್ನರ್, ಪೆಟ್ರೋಲ್, ಪಾತ್ರೆ ಉಜ್ಜುವ ಹಸಿರು ಬ್ರಷ್ಷು ಬೇಡ. ಒಮ್ಮೆ ಗೀರಾದರೆ ಆ ಗೀರಿನಲ್ಲಿ ಧೂಳು ಕೂತು ಹೊಳಪು ಹೋಗುತ್ತದೆ. ಟ್ರ್ಯಾಕ್‌ಗೆ ಹಳೆಯ ಟೂತ್‌ಬ್ರಷ್. ಎದುರಿನ ಖಾಲಿ ಸೈಟಿನ ಮಣ್ಣೆಲ್ಲ ಅಲ್ಲೇ ಬಂದು ಕೂರುತ್ತದೆ. ವರ್ಷಕ್ಕೊಮ್ಮೆ ಕೀಲುಗಳಿಗೆ ಒಂದು ಹನಿ ಮೆಷಿನ್ ಎಣ್ಣೆ. ಟ್ರ್ಯಾಕ್‌ಗೆ ಎಣ್ಣೆ ಹಾಕಬಾರದು, ಧೂಳು ಸೇರಿ ಅಂಟಾಗುತ್ತದೆ.

ಅವರ ದೊಡ್ಡ ಚಿಂತೆ ಅರಿಶಿನದ್ದು. ಹಬ್ಬಕ್ಕೆ ಬಾಲ್ಕನಿ ಬಾಗಿಲಿಗೂ ಅರಿಶಿನ ಕುಂಕುಮ ಇಡುತ್ತಾರೆ, ಹಾಲ್ ಕಿಟಕಿಗೂ ಒಂದು ಬೊಟ್ಟು. ಬಿಳಿ ಫ್ರೇಮಿನಲ್ಲಿ ಹಳದಿ ಉಳಿದರೆ ಏನು ಮಾಡುವುದು? ಇಡುವುದನ್ನು ಬಿಡಬೇಡಿ ಎಂದೆ. ಮರುದಿನ ಸೋಪಿನ ನೀರಲ್ಲಿ ಒರೆಸಿ, ಉಳಿದ ಹಳದಿಯನ್ನು ಬಿಸಿಲೇ ತಿನ್ನುತ್ತದೆ. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ತೋರಣಕ್ಕೆ ಮಾತ್ರ ಫ್ರೇಮಿಗೆ ಮೊಳೆ ಹೊಡೆಯಬೇಡಿ, ಅಂಟಿಸುವ ಹುಕ್ ಸಾಕು. ಮೊಳೆ ಹೊಡೆದರೆ ಇನ್ನೊಂದು ತೂತು, ಇನ್ನೊಂದು ತುಕ್ಕಿನ ಗೆರೆ.

ಆಮೇಲೆ

2024ರ ಅಕ್ಟೋಬರ್‌ನಲ್ಲಿ ಊರಿಗೆಲ್ಲ ಭಾರಿ ಮಳೆಯಾಯಿತು. ಹಾಲ್ ಒಣಗಿತ್ತು. ಆದರೆ ಹಿಂಗಾರಿನ ಗಾಳಿ ಹೆಚ್ಚಾಗಿ ಪೂರ್ವದ್ದು, ಪಶ್ಚಿಮದ ಕಿಟಕಿ ಗೆದ್ದಿತು ಎಂದು ಅಷ್ಟಕ್ಕೇ ಹೇಳಲು ನನಗೆ ಮನಸ್ಸಾಗಲಿಲ್ಲ. ಮುಂದಿನ ಏಪ್ರಿಲ್ ಕೊನೆಗೆ ಚಿಕ್ಕಮ್ಮ ತಾವೇ ಏಳು ಕಿಟಕಿಗಳಿಗೂ ಒಂದೊಂದು ಮಗ್ ನೀರು ಹೊಯ್ದು ನೋಡಿದ್ದಾರೆ. ಹಿಂದಿನ ರೂಮಿನ ಕಿಟಕಿಯಲ್ಲಿ ನೀರು ನಿಂತಿತ್ತಂತೆ. ಸೀಳಿನೊಳಗೆ ಒಂದು ಕಣಜದ ಹುಳ ಮಣ್ಣಿನ ಗೂಡು ಕಟ್ಟಿತ್ತು. ಊದುಬತ್ತಿ ಕಡ್ಡಿಯಿಂದ ಬಿಡಿಸಿದರು.

2025ರ ಮೇ 18ರ ರಾತ್ರಿ ಮತ್ತೆ ಊರು ಮುಳುಗುವಂಥ ಮಳೆ. ಬೆಳಿಗ್ಗೆ ಆರಕ್ಕೇ ಫೋನ್ ಬಂತು. ನನಗೆ ಎದೆ ಧಸಕ್ಕೆಂದಿತು.

"ರಾತ್ರಿ ಟ್ರ್ಯಾಕ್‌ನಲ್ಲಿ ನೀರು ತುಂಬಿತ್ತು ಕಣೋ, ಟಾರ್ಚ್ ಹಾಕಿ ನೋಡ್ತಾನೇ ಕೂತಿದ್ದೆ. ಗಾಳಿ ನಿಂತ ಮೇಲೆ ಎಲ್ಲಾ ಹೊರಗೆ ಹೋಯ್ತು. ಟವೆಲ್ ಇಟ್ಟಿದ್ದೆ, ಒದ್ದೆ ಆಗಿಲ್ಲ."